ಏಳು ಸೆಕೆಂಡಿನ ಒಪ್ಪಂದ

ತಿರುಗುತ್ತಿರುವ ಹಾರ್ಡ್ ಡಿಸ್ಕಿನ ಮೇಲೆ ರೀಡ್ ಹೆಡ್ ಒಂದು ಸೆಕ್ಟರನ್ನು ಓದಲು ಹೋಗುತ್ತದೆ. ಅಲ್ಲಿನ ಕಾಂತೀಯ ಗುರುತು ಮಸುಕಾಗಿದೆ, ಓದಿದ್ದು ಲೆಕ್ಕಕ್ಕೆ ಹೊಂದುತ್ತಿಲ್ಲ. ಡಿಸ್ಕಿನೊಳಗಿನ ಪುಟ್ಟ ಪ್ರೊಸೆಸರ್ ಅಷ್ಟಕ್ಕೇ ಬಿಡುವುದಿಲ್ಲ. ಮುಂದಿನ ಸುತ್ತಿನಲ್ಲಿ ಮತ್ತೆ ಓದುತ್ತದೆ, ಹೆಡ್ಡನ್ನು ಒಂದಿಷ್ಟೇ ಆಚೀಚೆ ಸರಿಸಿ ಓದುತ್ತದೆ, ತಪ್ಪು ತಿದ್ದುವ ಗಣಿತವನ್ನು ಬೇರೆ ಬೇರೆ ರೀತಿಯಲ್ಲಿ ಹಚ್ಚಿ ನೋಡುತ್ತದೆ. ನಿಮಿಷಕ್ಕೆ 7200 ಸುತ್ತು ಹೊಡೆಯುವ ಡಿಸ್ಕಿಗೆ ಸೆಕೆಂಡಿಗೆ 120 ಅವಕಾಶ ಸಿಗುತ್ತದೆ. ಮನೆಯ ಕಂಪ್ಯೂಟರಿಗಾಗಿ ಮಾಡಿದ ಡಿಸ್ಕ್ ಹೀಗೆ ಒಂದು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹೆಣಗಬಲ್ಲದು. ಆ ಮನೆಯಲ್ಲಿ ಅದು ಸರಿಯಾದ ನಡತೆಯೇ. ಮಗುವಿನ ಫೋಟೊ ಇರುವುದು ಅದೊಂದೇ ಡಿಸ್ಕಿನಲ್ಲಾದರೆ ಒಂದು ನಿಮಿಷ ಕಾಯುವುದು ದೊಡ್ಡ ಮಾತಲ್ಲ.

ಇದೇ ಡಿಸ್ಕನ್ನು ಸರ್ವರಿನ ರೇಡ್ ಕಂಟ್ರೋಲರಿಗೆ, ಅಂದರೆ ಹಲವು ಡಿಸ್ಕುಗಳನ್ನು ಒಂದು ಗುಂಪಾಗಿ ದುಡಿಸುವ ಕಾರ್ಡಿಗೆ, ಜೋಡಿಸಿದರೆ ಆ ಶ್ರದ್ಧೆಯೇ ಮುಳುವಾಗುತ್ತದೆ. ಹಾರ್ಡ್‌ವೇರ್ ಕಂಟ್ರೋಲರುಗಳು ಸಾಮಾನ್ಯವಾಗಿ ಎಂಟು ಸೆಕೆಂಡಿನ ಆಸುಪಾಸಿನಷ್ಟೇ ಕಾಯುತ್ತವೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸಿ ಅದನ್ನು ಗುಂಪಿನಿಂದ ಹೊರಗೆ ಹಾಕುತ್ತವೆ. ಒಂದು ಸೆಕ್ಟರ್ ಕೆಟ್ಟದ್ದಕ್ಕೆ ಹಲವು ಟೆರಾಬೈಟುಗಳ ಗಟ್ಟಿಮುಟ್ಟಾದ ಡಿಸ್ಕ್ ಕೆಲಸ ಕಳೆದುಕೊಳ್ಳುತ್ತದೆ. ಅದಕ್ಕೇ ಸರ್ವರ್ ದರ್ಜೆಯ ಡಿಸ್ಕುಗಳಲ್ಲಿ ಒಂದು ಗಡುವು ಇರುತ್ತದೆ. ವೆಸ್ಟರ್ನ್ ಡಿಜಿಟಲ್ ಇದನ್ನು ಟಿಎಲ್‌ಇಆರ್ ಎಂದು ಕರೆದರೆ ಸೀಗೇಟ್ ಇಆರ್‌ಸಿ ಎನ್ನುತ್ತದೆ. ಹಿಟಾಚಿ ಮತ್ತು ಸ್ಯಾಮ್‌ಸಂಗ್ ಸಿಸಿಟಿಎಲ್ ಎಂದವು. ಸಾಮಾನ್ಯವಾಗಿ ಆ ಗಡುವು ಏಳು ಸೆಕೆಂಡು. ಏಳು ಸೆಕೆಂಡು ಪ್ರಯತ್ನಿಸು, ಆಗದಿದ್ದರೆ ‘ಈ ಸೆಕ್ಟರ್ ಓದಲಾಗಲಿಲ್ಲ’ ಎಂದು ಹೇಳಿಬಿಡು, ಮಿಕ್ಕದ್ದನ್ನು ಕಂಟ್ರೋಲರ್ ನೋಡಿಕೊಳ್ಳುತ್ತದೆ. ಎಂಟಕ್ಕೆ ಒಂದು ಕಡಿಮೆ. ಡಿಸ್ಕಿಗೂ ಕಂಟ್ರೋಲರಿಗೂ ನಡುವಿನ ಹೊಂದಾಣಿಕೆ ಎಂದರೆ ನನ್ನ ಮಟ್ಟಿಗೆ ಮೊದಲು ನೆನಪಾಗುವುದು ಈ ಒಂದು ಸೆಕೆಂಡಿನ ಅಂತರ. ಸಾಕೆಟ್ಟಿಗೆ ಪ್ಲಗ್ಗು ಕೂರುವುದು ಅದರ ಅತಿ ಸುಲಭದ ಭಾಗ.

ಕಂಟ್ರೋಲರ್ ಹೇಗೆ ‘ನೋಡಿಕೊಳ್ಳುತ್ತದೆ’ ಎಂಬುದಕ್ಕೆ 1988ಕ್ಕೆ ಹೋಗಬೇಕು. ಆ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ರೇಡ್ ಕುರಿತ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಒಂದು ಕಡೆ ಐಬಿಎಂ 3380 ಎಂಬ ಬೀರುವಿನ ಗಾತ್ರದ ಡಿಸ್ಕ್, 7.5 ಗಿಗಾಬೈಟ್. ಇನ್ನೊಂದು ಕಡೆ ಪಿಸಿಗಳಿಗಾಗಿ ಬಂದ ಕಾನರ್ ಕಂಪನಿಯ ಸಿಪಿ3100, ಬರೀ 100 ಮೆಗಾಬೈಟ್, ಆದರೆ ಅಗ್ಗ. ಇಂಥ ನೂರು ಸಣ್ಣ ಡಿಸ್ಕುಗಳನ್ನು ಒಟ್ಟಿಗೆ ದುಡಿಸಿದರೆ ದೊಡ್ಡದನ್ನು ಮೀರಿಸಬಹುದು ಎಂಬುದು ಅವರ ವಾದ. ಅಡ್ಡಿಯೊಂದಿತ್ತು. ಸರಾಸರಿ 30,000 ಗಂಟೆ ಬಾಳುವ ಡಿಸ್ಕುಗಳನ್ನು ನೂರು ಸೇರಿಸಿದರೆ, ಅವುಗಳಲ್ಲಿ ಯಾವುದಾದರೊಂದು ಸರಾಸರಿ 300 ಗಂಟೆಗೊಮ್ಮೆ ಕೆಡುತ್ತದೆ. ಎರಡು ವಾರವೂ ಇಲ್ಲ! ಸೋಲನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಇಂಥ ಯಂತ್ರವನ್ನು ಕಟ್ಟುವಂತೆಯೇ ಇರಲಿಲ್ಲ.

ಪರಿಹಾರ ಶಾಲೆಯ ಸಮ-ಬೆಸ ಲೆಕ್ಕದಷ್ಟು ಸರಳ. ಮೂರು ಡಿಸ್ಕುಗಳ ಒಂದೇ ಜಾಗದಲ್ಲಿ 1, 0, 1 ಎಂಬ ಬಿಟ್‌ಗಳಿವೆ ಎನ್ನಿ. ಒಂದುಗಳ ಸಂಖ್ಯೆ ಸಮವಾಗಿರುವಂತೆ ನಾಲ್ಕನೆಯ ಡಿಸ್ಕಿನಲ್ಲಿ ಒಂದು ಬಿಟ್ ಬರೆಯಬೇಕು. ಇಲ್ಲಿ ಆಗಲೇ ಎರಡು ಒಂದುಗಳಿರುವುದರಿಂದ ಅದು 0. ಇದೇ ಪ್ಯಾರಿಟಿ. ಎರಡನೆಯ ಡಿಸ್ಕ್ ಕೆಟ್ಟಿತು. ಉಳಿದವು 1, 1 ಮತ್ತು ಪ್ಯಾರಿಟಿ 0. ಒಟ್ಟು ಸಮವಾಗಬೇಕಾದರೆ ಕಳೆದುಹೋದದ್ದು 0 ಆಗಿರಲೇಬೇಕು. ಹೀಗೆ ಒಂದು ಡಿಸ್ಕ್ ಇಡಿಯಾಗಿ ಹೋದರೂ ಉಳಿದವುಗಳಿಂದ ಅದನ್ನು ಬಿಟ್ ಬಿಟ್ಟಾಗಿ ಮರಳಿ ಕಟ್ಟಬಹುದು. ರೇಡ್ 5 ಈ ಪ್ಯಾರಿಟಿಯನ್ನು ಎಲ್ಲ ಡಿಸ್ಕುಗಳಿಗೂ ಹಂಚುತ್ತದೆ. ಮುಂದೆ ಬಂದ ರೇಡ್ 6 ಎರಡು ಬಗೆಯ ಪ್ಯಾರಿಟಿ ಇಟ್ಟು ಎರಡು ಡಿಸ್ಕುಗಳ ಸಾವನ್ನು ತಾಳಿಕೊಳ್ಳುತ್ತದೆ.

ಈಗ ಆ ಲೆಕ್ಕವನ್ನು ಮತ್ತೆ ನೋಡಿ. ಎರಡನೆಯ ಡಿಸ್ಕೇ ಕೆಟ್ಟಿದ್ದು ಎಂದು ನಮಗೆ ಗೊತ್ತಿತ್ತು. ಅದು ಕೆಡದೆ, ಸುಮ್ಮನೆ 0 ಬದಲು 1 ಎಂದು ಸುಳ್ಳು ಹೇಳಿದ್ದರೆ? ಆಗ ಒಟ್ಟು ಬೆಸವಾಗುತ್ತದೆ, ಏನೋ ತಪ್ಪಾಗಿದೆ ಎಂಬುದು ತಿಳಿಯುತ್ತದೆ, ನಾಲ್ವರಲ್ಲಿ ತಪ್ಪಿದವರು ಯಾರೆಂದು ಮಾತ್ರ ತಿಳಿಯುವುದಿಲ್ಲ. ಒಂದೇ ಪ್ಯಾರಿಟಿಯ ಗಣಿತ ನಿಂತಿರುವುದು ಡಿಸ್ಕ್ ತನ್ನ ಸೋಲನ್ನು ತಾನೇ ಒಪ್ಪಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ. ಬೇಗ ಒಪ್ಪಬೇಕು, ಖಚಿತವಾಗಿ ಒಪ್ಪಬೇಕು, ಕಂಟ್ರೋಲರಿಗೆ ಅರ್ಥವಾಗುವ ಮಾತಿನಲ್ಲಿ ಒಪ್ಪಬೇಕು. ಹೊಂದಾಣಿಕೆಯ ತೊಂದರೆಗಳನ್ನೆಲ್ಲ ನಾನು ಈ ಕಣ್ಣಿನಿಂದಲೇ ನೋಡುತ್ತೇನೆ: ಸದ್ದು ಮಾಡುವ ತೊಂದರೆ ಒಳ್ಳೆಯದು, ಸದ್ದಿಲ್ಲದ್ದು ಅಪಾಯ.

ಸದ್ದು ಮಾಡುವವುಗಳನ್ನು ಬೇಗ ಮುಗಿಸೋಣ. ಸರ್ವರ್ ಹಾರ್ಡ್ ಡಿಸ್ಕುಗಳು ಮುಖ್ಯವಾಗಿ ಎರಡು ಭಾಷೆ ಮಾತಾಡುತ್ತವೆ, ಸಾಟಾ ಮತ್ತು ಎಸ್‌ಎಎಸ್. ಎಸ್‌ಎಎಸ್ ಕಂಟ್ರೋಲರಿಗೆ ಎರಡೂ ಬರುತ್ತವೆ, ಸಾಟಾ ಕಂಟ್ರೋಲರಿಗೆ ಸಾಟಾ ಮಾತ್ರ. ಇದನ್ನು ಕನೆಕ್ಟರಿನಲ್ಲೇ ಕೆತ್ತಿದ್ದಾರೆ. ಸಾಟಾ ಡಿಸ್ಕಿನಲ್ಲಿ ಡೇಟಾ ಮತ್ತು ಪವರ್ ಪಿನ್ನುಗಳ ನಡುವೆ ಖಾಲಿ ಜಾಗವಿರುತ್ತದೆ. ಎಸ್‌ಎಎಸ್ ಡಿಸ್ಕಿನಲ್ಲಿ ಆ ಜಾಗ ತುಂಬಿಕೊಂಡಿರುತ್ತದೆ, ಅದರ ಹಿಂಬದಿಯಲ್ಲಿ ಎರಡನೆಯ ಪೋರ್ಟ್ ಇದೆ. ಹಾಗಾಗಿ ಎಸ್‌ಎಎಸ್ ಡಿಸ್ಕ್ ಸಾಟಾ ಕೇಬಲ್ಲಿಗೆ ಕೂರುವುದೇ ಇಲ್ಲ. ವಿನ್ಯಾಸಕಾರರು ನಮ್ಮ ಮೇಲೆ ಇಟ್ಟ ಕರುಣೆ ಅದು. ಎಲ್ಲ ಕಡೆ ಆ ಕರುಣೆ ಸಿಗುವುದಿಲ್ಲ. ಕಂಟ್ರೋಲರಿನ ಒಂದು ಪೋರ್ಟಿನಿಂದ ನಾಲ್ಕು ಡಿಸ್ಕುಗಳಿಗೆ ಕವಲೊಡೆಯುವ ಕೇಬಲ್ಲೂ, ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟುಗಳನ್ನು ಡಿಸ್ಕುಗಳು ಕೂರುವ ಬ್ಯಾಕ್‌ಪ್ಲೇನಿನ ಒಂದು ಕನೆಕ್ಟರಿಗೆ ಸೇರಿಸುವ ಕೇಬಲ್ಲೂ ನೋಡಲು ಒಂದೇ ಥರ. ಒಳಗಿನ ತಂತಿಗಳ ದಿಕ್ಕು ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಒಂದು ಡಿಸ್ಕೂ ಕಾಣಿಸುವುದಿಲ್ಲ. ಕೊಳ್ಳುವಾಗ ಫಾರ್ವರ್ಡ್ (ಮೊದಲನೆಯದು) ಬೇಕೋ ರಿವರ್ಸ್ (ಎರಡನೆಯದು) ಬೇಕೋ ಎಂದು ಕೇಳಿಯೇ ಕೊಳ್ಳಬೇಕು.

2016ರ ಸಾಟಾ 3.3 ನಿಯಮಾವಳಿ ತಂದ ಒಂದು ತೊಡಕಂತೂ ತುಂಬ ಜನರ ನಿದ್ದೆ ಕೆಡಿಸಿದೆ. ಪವರ್ ಕನೆಕ್ಟರಿನ ಮೂರನೆಯ ಪಿನ್ನಿಗೆ ಮೊದಲು 3.3 ವೋಲ್ಟ್ ಬರುತ್ತಿತ್ತು, ಡಿಸ್ಕುಗಳು ಅದನ್ನು ಬಳಸುತ್ತಲೇ ಇರಲಿಲ್ಲ. ಹೊಸ ನಿಯಮದಲ್ಲಿ ಆ ಪಿನ್ನಿಗೆ ಬೇರೆ ಕೆಲಸ ಕೊಟ್ಟರು: ಅಲ್ಲಿ ವೋಲ್ಟೇಜ್ ಕಂಡರೆ ಡಿಸ್ಕ್ ಆಫ್ ಆಗಬೇಕು. ಸಾವಿರಾರು ಡಿಸ್ಕುಗಳಿರುವ ಡೇಟಾ ಸೆಂಟರಿನಲ್ಲಿ ಹಟ ಹಿಡಿದ ಡಿಸ್ಕನ್ನು ಕೈಯಿಂದ ಮುಟ್ಟದೆ ರೀಸೆಟ್ ಮಾಡಲು ಇದು ಒಳ್ಳೆಯ ಉಪಾಯ. ಹಳೆಯ ಪವರ್ ಸಪ್ಲೈಗೆ ಈ ಬದಲಾವಣೆ ಗೊತ್ತಿಲ್ಲ, ಅದು 3.3 ವೋಲ್ಟ್ ಕೊಡುತ್ತಲೇ ಇರುತ್ತದೆ, ಹೊಚ್ಚಹೊಸ ಡಿಸ್ಕ್ ತಿರುಗುವುದೇ ಇಲ್ಲ. ಡಿಸ್ಕ್ ಸತ್ತೇ ಬಂದಿದೆ ಎಂದು ವಾಪಸ್ ಕಳಿಸುವ ಮೊದಲು ಆ ಪಿನ್ನಿನ ಮೇಲೆ ಕ್ಯಾಪ್ಟಾನ್ ಟೇಪಿನ ಚೂರೊಂದನ್ನು ಅಂಟಿಸಿ ನೋಡಬೇಕು. ಅದೇ ರೀತಿ, ದೊಡ್ಡ ಸ್ಟೋರೇಜ್ ಯಂತ್ರಗಳಿಂದ ಬಿಚ್ಚಿದ ಡಿಸ್ಕುಗಳನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಸೆಕ್ಟರ್ ಗಾತ್ರ ಕೇಳಬೇಕು. ಸಾಮಾನ್ಯ ಕಂಟ್ರೋಲರ್ 512 ಅಥವಾ 4096 ಬೈಟಿನ ಸೆಕ್ಟರನ್ನು ಬಯಸುತ್ತದೆ. ಆ ಯಂತ್ರಗಳು ಪ್ರತಿ ಸೆಕ್ಟರಿಗೂ ಎಂಟು ಬೈಟಿನ ತಪಾಸಣೆ ಗುರುತು ಸೇರಿಸಿ 520 ಬೈಟ್ ಮಾಡಿಕೊಂಡಿರುತ್ತವೆ. ಎಸ್‌ಎಎಸ್ ಡಿಸ್ಕಾದರೆ ಗಂಟೆಗಟ್ಟಲೆ ಹಿಡಿಯುವ ಒಂದು ಲೋ-ಲೆವೆಲ್ ಫಾರ್ಮ್ಯಾಟಿನಿಂದ 512ಕ್ಕೆ ತರಬಹುದು. ಹಳೆಯ ಕಾರ್ಡುಗಳಿಗೆ ಇನ್ನೊಂದು ಗೋಡೆ ಇದೆ. ಸೆಕ್ಟರಿನ ವಿಳಾಸವನ್ನು 32 ಬಿಟ್ಟಿನಲ್ಲಿ ಬರೆಯುವ ಎಲ್‌ಎಸ್‌ಐ 1068ಇ ಚಿಪ್ಪಿನ ಕಾರ್ಡುಗಳಿಗೆ 2.2 ಟೆರಾಬೈಟ್ ಆಚೆಗೆ ಏನಿದೆ ಎಂಬುದೇ ಕಾಣುವುದಿಲ್ಲ. 2ರ 32ನೆಯ ಘಾತವನ್ನು 512ರಿಂದ ಗುಣಿಸಿದರೆ ಬರುವ ಸಂಖ್ಯೆ ಅದು.

ಇವೆಲ್ಲ ಮೊದಲ ದಿನವೇ ಗೊತ್ತಾಗುತ್ತವೆ. ಸದ್ದಿಲ್ಲದ ಬಗೆಗೆ ಬರೋಣ.

2007ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಬರ್ನ್ಡ್ ಪಾಂಜರ್-ಸ್ಟೈಂಡೆಲ್ ಒಂದು ವರದಿ ಬರೆದರು. ಮೂರು ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಎರಡೆರಡು ಗಂಟೆಗೊಮ್ಮೆ 2 ಗಿಗಾಬೈಟಿನ ಫೈಲೊಂದನ್ನು ಗೊತ್ತಿರುವ ವಿನ್ಯಾಸದಲ್ಲಿ ಬರೆದು, ಮರಳಿ ಓದಿ ಹೋಲಿಸುವ ಪ್ರಯೋಗ. ಐದು ವಾರಗಳಲ್ಲಿ ಸುಮಾರು ನೂರು ಯಂತ್ರಗಳಲ್ಲಿ ಐನೂರರಷ್ಟು ತಪ್ಪುಗಳು ಸಿಕ್ಕವು. ಬರೆದದ್ದು ಒಂದು, ಓದಿದ್ದು ಇನ್ನೊಂದು. ಅವುಗಳಲ್ಲಿ ಶೇಕಡ 80ರಷ್ಟು 64 ಕಿಲೋಬೈಟಿನ ಅಚ್ಚುಕಟ್ಟಾದ ತುಂಡುಗಳಾಗಿದ್ದವು. ಆ ಜಾಡು ಹಿಡಿದು ಹೋದರೆ ಸಿಕ್ಕಿದ್ದು ವೆಸ್ಟರ್ನ್ ಡಿಜಿಟಲ್ ಡಿಸ್ಕುಗಳೊಳಗಿನ ತಂತ್ರಾಂಶವಾದ ಫರ್ಮ್‌ವೇರಿಗೂ 3ವೇರ್ ಕಂಟ್ರೋಲರುಗಳಿಗೂ ನಡುವಿನ ಹೊಂದಾಣಿಕೆಯ ಕೊರತೆ. ಡಿಸ್ಕುಗಳು ಆಗಾಗ ಗುಂಪಿನಿಂದ ಕಳಚಿಕೊಳ್ಳುತ್ತಿದ್ದವು. ಸುಮಾರು 3000 ಡಿಸ್ಕುಗಳ ಫರ್ಮ್‌ವೇರ್ ಬದಲಿಸಬೇಕಾಯಿತು. ಎರಡೂ ಹೆಸರಾಂತ ಕಂಪನಿಗಳ ಮಾಲು, ಪ್ಲಗ್ಗು ಕೂತಿತ್ತು, ವಿಜ್ಞಾನಿಗಳು ಕೆಲಸ ಮಾಡುತ್ತಿದ್ದರು. ಬೇಕೆಂದೇ ಹುಡುಕಿದ್ದಕ್ಕೆ ಸಿಕ್ಕಿತು. ಸ್ಟೋರೇಜ್ ಬಗ್ಗೆ ಬರೆದ ವರದಿಗಳಲ್ಲಿ ಇದರಷ್ಟು ನನ್ನನ್ನು ಅಲುಗಿಸಿದ್ದು ಇನ್ನೊಂದಿಲ್ಲ.

2020ರ ಏಪ್ರಿಲಿನಲ್ಲಿ ಇನ್ನೊಂದು ಬಯಲಾಯಿತು. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ ಡಿಸ್ಕುಗಳು ರೇಡ್ ಮತ್ತು ನೆಟ್‌ವರ್ಕ್ ಸ್ಟೋರೇಜಿಗೆಂದೇ ಮಾರಾಟವಾಗುತ್ತಿದ್ದವು. ಅದರಲ್ಲಿ 2ರಿಂದ 6 ಟೆರಾಬೈಟಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂಬ ಬರೆಯುವ ವಿಧಾನವನ್ನು ಬಳಸುತ್ತಿವೆ ಎಂದು ಕಂಪನಿ ಒಪ್ಪಿಕೊಂಡಿತು. ಅದುವರೆಗೆ ವಿವರಪಟ್ಟಿಯಲ್ಲಿ ಆ ಮಾತೇ ಇರಲಿಲ್ಲ. ಎಸ್‌ಎಂಆರ್‌ನಲ್ಲಿ ಡೇಟಾದ ಸಾಲುಗಳು ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತವೆ. ಅದೇ ಜಾಗದಲ್ಲಿ ಹೆಚ್ಚು ಡೇಟಾ ಹಿಡಿಯುತ್ತದೆ, ಆದರೆ ನಡುವಿನ ಒಂದನ್ನು ಬದಲಿಸಲು ಅದರ ಮೇಲೆ ಕೂತ ಸಾಲುಗಳನ್ನೆಲ್ಲ ಎತ್ತಿ ಮತ್ತೆ ಹೊದಿಸಬೇಕು. ಡಿಸ್ಕ್ ಬರೆದದ್ದನ್ನು ಮೊದಲು ಒಂದು ಸಣ್ಣ ಜಾಗದಲ್ಲಿ ಕೂಡಿಹಾಕಿಕೊಂಡು ಬಿಡುವಾದಾಗ ಹೊದಿಸುತ್ತದೆ. ಮನೆಬಳಕೆಯಲ್ಲಿ ಬಿಡುವು ಸಿಗುತ್ತದೆ. ಕೆಟ್ಟ ಡಿಸ್ಕಿನ ಬದಲು ಹೊಸದನ್ನು ಹಾಕಿ ರೀಬಿಲ್ಡ್ ಶುರು ಮಾಡಿದಾಗ ಕಂಟ್ರೋಲರ್ ಗಂಟೆಗಟ್ಟಲೆ, ದಿನಗಟ್ಟಲೆ ಎಡೆಬಿಡದೆ ಬರೆಯುತ್ತದೆ. ಆ ಸಣ್ಣ ಜಾಗ ತುಂಬುತ್ತದೆ, ಡಿಸ್ಕ್ ಉತ್ತರ ಕೊಡಲು ತಡಮಾಡುತ್ತದೆ, ಮತ್ತದೇ ಗಡುವಿನ ಪ್ರಶ್ನೆ ಏಳುತ್ತದೆ. ಗುಂಪು ಅತ್ಯಂತ ದುರ್ಬಲವಾಗಿರುವ ಹೊತ್ತಿನಲ್ಲೇ ಕಂಟ್ರೋಲರ್ ಹೊಸ ಡಿಸ್ಕನ್ನು ಹೊರಗೆ ಹಾಕಿಬಿಡುತ್ತದೆ.

ಮೂರನೆಯದು ಗಡಿಯಾರದ್ದು. 2019ರ ನವೆಂಬರಿನಲ್ಲಿ ಎಚ್‌ಪಿಇ ತನ್ನ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಫರ್ಮ್‌ವೇರ್ ಬದಲಿಸದಿದ್ದರೆ ಅವು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ನಿಂತುಹೋಗುತ್ತವೆ. ಡಿಸ್ಕೂ ಬದುಕುವುದಿಲ್ಲ, ಡೇಟಾವೂ ಸಿಗುವುದಿಲ್ಲ. 32,768 ಎಂದರೆ 2ರ 15ನೆಯ ಘಾತ, ಋಣಸಂಖ್ಯೆಗೂ ಜಾಗವಿಟ್ಟ 16 ಬಿಟ್ಟಿನ ಎಣಿಕೆ ತಲುಪಲಾರದ ಮೊದಲ ಸಂಖ್ಯೆ. ಮುಂದಿನ ಮಾರ್ಚಿನಲ್ಲಿ ಬೇರೆ ಮಾದರಿಗಳಿಗೆ 40,000 ಗಂಟೆಯ ಇಂಥದೇ ಎಚ್ಚರಿಕೆ ಬಂತು. ಇಲ್ಲಿ ರೇಡ್ ಯಾಕೆ ಕೈಕೊಡುತ್ತದೆ ನೋಡಿ. ಒಂದು ಡಿಸ್ಕಿನ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲ ಎಂದು 1988ರ ಲೆಕ್ಕ ಹಿಡಿದಿತ್ತು. ಒಂದೇ ದಿನ ಪೆಟ್ಟಿಗೆ ಒಡೆದು, ಒಂದೇ ಗಂಟೆಯಲ್ಲಿ ಕರೆಂಟು ಕೊಟ್ಟ ಎಂಟು ಡಿಸ್ಕುಗಳು ಒಂದೇ ಗಂಟೆಯಲ್ಲಿ ಸತ್ತರೆ ಯಾವ ಪ್ಯಾರಿಟಿಯೂ ಉಳಿಸಲಾರದು. ಹೊಸ ಸರ್ವರ್ ಬಂದ ದಿನವೇ ಡಿಸ್ಕುಗಳ ಫರ್ಮ್‌ವೇರ್ ಆವೃತ್ತಿಯನ್ನು ತಯಾರಕರ ಸೂಚನೆಯೊಂದಿಗೆ ಹೋಲಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗಾದರೆ ಯಾವ ಡಿಸ್ಕ್ ಯಾವ ಕಂಟ್ರೋಲರಿಗೆ ಸರಿ ಎಂದು ಹೇಳುವವರು ಯಾರು? ತಯಾರಕರು ಹೊಂದಾಣಿಕೆಯ ಪಟ್ಟಿ ಪ್ರಕಟಿಸುತ್ತಾರೆ. ಅದರ ಹಿಂದೆ ನಿಜವಾದ ದುಡಿಮೆ ಇದೆ: ಒಂದೊಂದು ಮಾದರಿಯನ್ನೂ ಒಂದೊಂದು ಫರ್ಮ್‌ವೇರಿನೊಂದಿಗೆ ಜೋಡಿಸಿ, ಕರೆಂಟು ಕಿತ್ತು, ಡಿಸ್ಕ್ ಎಳೆದು, ಬೇಕೆಂದೇ ತಪ್ಪು ಹುಟ್ಟಿಸಿ ನೋಡುವ ಕೆಲಸ. ಡೆಲ್, ಎಚ್‌ಪಿಇ, ನೆಟ್‌ಆಪ್ ಕಂಪನಿಗಳಿಗೆ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ, ಎಲ್‌ಎಸ್‌ಐಗೂ ಇತ್ತು. ಪಟ್ಟಿಯನ್ನು ನಾನು ಗೌರವಿಸುತ್ತೇನೆ. ಪಟ್ಟಿಯನ್ನು ಬೀಗವಾಗಿಸುವುದನ್ನು ಒಪ್ಪುವುದಿಲ್ಲ. 2010ರ ಆರಂಭದಲ್ಲಿ ಡೆಲ್ ತನ್ನ ಪರ್ಕ್ ಎಚ್700 ಮತ್ತು ಎಚ್800 ಕಂಟ್ರೋಲರುಗಳು ತನ್ನ ಮುದ್ರೆಯಿಲ್ಲದ ಡಿಸ್ಕುಗಳನ್ನು ಸ್ವೀಕರಿಸದಂತೆ ಮಾಡಿತ್ತು. ಗ್ರಾಹಕರು ಎದ್ದು ನಿಂತ ಮೇಲೆ ಅದೇ ವರ್ಷ ಹೊಸ ಫರ್ಮ್‌ವೇರ್ ಕೊಟ್ಟು ಹಿಂದೆ ಸರಿಯಿತು. 2025ರಲ್ಲಿ ಸಿನಾಲಜಿ ತನ್ನ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಇದೇ ದಾರಿ ಹಿಡಿದು ಅಕ್ಟೋಬರಿನಲ್ಲಿ ಸಡಿಲಿಸಿತು. ‘ಇದನ್ನು ನಾವು ಪರೀಕ್ಷಿಸಿಲ್ಲ’ ಎಂದು ಎಚ್ಚರಿಸುವುದು ತಯಾರಕರ ಕರ್ತವ್ಯ. ಐದು ವರ್ಷದ ನಂತರ, ಮೂಲ ಡಿಸ್ಕ್ ಮಾರುಕಟ್ಟೆಯಲ್ಲೇ ಸಿಗದಿದ್ದಾಗ, ಬೇರೆ ಡಿಸ್ಕ್ ಹಾಕಿ ಡೇಟಾ ಉಳಿಸಿಕೊಳ್ಳುವ ಹಕ್ಕು ಅದರ ಒಡೆಯನದು.

ಪಟ್ಟಿ ಹುಡುಕುವಾಗ ಕಾರ್ಡಿನ ಮೇಲಿನ ಹೆಸರನ್ನಷ್ಟೇ ನಂಬಬೇಡಿ. ಮೆಗಾರೇಡ್ ಹುಟ್ಟಿದ್ದು ಅಮೆರಿಕನ್ ಮೆಗಾಟ್ರೆಂಡ್ಸ್‌ನಲ್ಲಿ. 2001ರಲ್ಲಿ ಎಲ್‌ಎಸ್‌ಐಗೆ ಹೋಯಿತು, 2014ರಲ್ಲಿ ಅವಾಗೋಗೆ, ಈಗ ಬ್ರಾಡ್‌ಕಾಮ್‌ನದು. ಅಡಾಪ್ಟೆಕ್ ಕೈ ಬದಲಾಗುತ್ತ ಬಂದು ಮೈಕ್ರೋಚಿಪ್ ಸೇರಿದೆ. ಚಿಪ್ಪಿನ ಸಂಖ್ಯೆ ಗೊತ್ತಿದ್ದರೆ ಫರ್ಮ್‌ವೇರ್ ಸಿಗುತ್ತದೆ.

ಇನ್ನು ಸೆಟಪ್. ರೇಡ್ ಗುಂಪು ಮಾಡುವ ಪರದೆಯಲ್ಲಿ ಹತ್ತಾರು ಆಯ್ಕೆಗಳಿರುತ್ತವೆ, ಡೇಟಾ ಉಳಿಸುವವು ಕೆಲವೇ. ಮೊದಲನೆಯದು ಕ್ಯಾಶ್. ರೈಟ್ ಬ್ಯಾಕ್ ಎಂದರೆ ಕಂಟ್ರೋಲರ್ ತನ್ನ ಮೆಮೊರಿಗೆ ಬಂದ ಕೂಡಲೇ ‘ಬರೆದಾಯಿತು’ ಎನ್ನುತ್ತದೆ, ಡಿಸ್ಕಿಗೆ ಆಮೇಲೆ ಬರೆಯುತ್ತದೆ. ರೈಟ್ ಥ್ರೂ ಎಂದರೆ ಡಿಸ್ಕಿಗೆ ಮುಟ್ಟಿದ ಮೇಲೆಯೇ ಹಾಗೆನ್ನುತ್ತದೆ, ನಿಧಾನ. ಕರೆಂಟು ಹೋದಾಗ ಆ ಮೆಮೊರಿಯನ್ನು ಕಾಯಲು ಕಾರ್ಡಿನಲ್ಲಿ ಬ್ಯಾಟರಿಯೋ ಸೂಪರ್ ಕೆಪಾಸಿಟರೋ ಇರಬೇಕು. ಬ್ಯಾಟರಿ ದುರ್ಬಲವಾದರೆ ಒಳ್ಳೆಯ ಕಂಟ್ರೋಲರ್ ತಾನಾಗಿ ರೈಟ್ ಥ್ರೂಗೆ ಇಳಿಯುತ್ತದೆ, ಸರ್ವರ್ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ. ಆಗ ಬ್ಯಾಟರಿ ಇರಲಿ ಬಿಡಲಿ ರೈಟ್ ಬ್ಯಾಕ್ ಇರಲಿ ಎಂಬ ಆಯ್ಕೆ ಒತ್ತಿ ವೇಗ ಮರಳಿ ತರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೋಲನ್ನು ಒಪ್ಪಿಕೊಂಡ ಯಂತ್ರದ ಬಾಯಿ ಮುಚ್ಚಿಸಿದಂತೆ ಅದು. ಡಿಸ್ಕಿನೊಳಗೇ ಇರುವ ಕ್ಯಾಶನ್ನೂ ನೆನಪಿಡಿ. ಕಾರ್ಡಿನ ಬ್ಯಾಟರಿ ಅದನ್ನು ಕಾಯುವುದಿಲ್ಲ.

ಎರಡನೆಯದು ಗಾತ್ರ. ಈಗಿನ ಒಂದು ಟೆರಾಬೈಟ್ ಡಿಸ್ಕುಗಳಲ್ಲಿ ಉದ್ಯಮದ ಒಪ್ಪಂದದ ಪ್ರಕಾರ 1,953,525,168 ಸೆಕ್ಟರುಗಳಿರುತ್ತವೆ. ಎಲ್ಲ ಡಿಸ್ಕೂ ಒಪ್ಪಂದ ಪಾಲಿಸುವುದಿಲ್ಲ, ಎಸ್‌ಎಸ್‌ಡಿಗಳಂತೂ ಹಲವು ಗಾತ್ರದಲ್ಲಿ ಬರುತ್ತವೆ. ಬದಲಿ ಡಿಸ್ಕಿನಲ್ಲಿ ಕೆಲವೇ ಸೆಕ್ಟರ್ ಕಡಿಮೆಯಿದ್ದರೂ ಕಂಟ್ರೋಲರ್ ಅದನ್ನು ನಿರಾಕರಿಸುತ್ತದೆ. ಮೆಗಾರೇಡ್ ಕಾರ್ಡುಗಳಲ್ಲಿ ಕೋಅರ್ಶನ್ ಎಂಬ ಆಯ್ಕೆ ಇದೆ, ಪ್ರತಿ ಡಿಸ್ಕಿನ ಗಾತ್ರವನ್ನು 128 ಮೆಗಾಬೈಟಿಗೋ 1 ಗಿಗಾಬೈಟಿಗೋ ಕೆಳಗೆ ಇಳಿಸಿ ಲೆಕ್ಕ ಹಿಡಿಯಲು. ಗುಂಪು ಕಟ್ಟುವ ಮೊದಲು ಇದನ್ನು ತೀರ್ಮಾನಿಸಬೇಕು.

ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಬಳಸುವವರಿಗೂ ಗಡುವಿನ ಪ್ರಶ್ನೆ ತಪ್ಪಿದ್ದಲ್ಲ. ಅಲ್ಲಿ ಕರ್ನಲ್ ಒಂದು ಆಜ್ಞೆಗೆ 30 ಸೆಕೆಂಡು ಕಾಯುತ್ತದೆ, ಡಿಸ್ಕಿನ ಗಡುವು ಅದಕ್ಕಿಂತ ಕಡಿಮೆ ಇರಬೇಕು. ಸ್ಮಾರ್ಟ್‌ಸಿಟಿಎಲ್ ಎಂಬ ಉಪಕರಣದಿಂದ ಡಿಸ್ಕಿನ ಗಡುವನ್ನು ನೋಡಬಹುದು, ಡಿಸ್ಕ್ ಒಪ್ಪಿದರೆ ಬದಲಿಸಬಹುದು. ಲೆಕ್ಕ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ, ಆದ್ದರಿಂದ ಏಳು ಸೆಕೆಂಡಿಗೆ 70. ಬಹಳ ಡಿಸ್ಕುಗಳು ಕರೆಂಟು ಹೋದೊಡನೆ ಇದನ್ನು ಮರೆಯುವುದರಿಂದ ಪ್ರತಿ ಬೂಟಿನಲ್ಲೂ ಹೇಳಬೇಕು. ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯನ್ನು ಬಳಸುವವರಿಗೆ ರೇಡ್ ಮಾಡುವ ಕಾರ್ಡೇ ಬೇಡ. ಪ್ರತಿ ತುಂಡಿನ ಚೆಕ್‌ಸಮ್ಮನ್ನು ಬೇರೆಡೆ ಇಡುವ ಈ ವ್ಯವಸ್ಥೆಗೆ ಆ ಪ್ಯಾರಿಟಿ ಲೆಕ್ಕದ ನಾಲ್ವರಲ್ಲಿ ಸುಳ್ಳು ಹೇಳಿದವರು ಯಾರೆಂದು ಗೊತ್ತಾಗುತ್ತದೆ. ಅದಕ್ಕೆ ಡಿಸ್ಕುಗಳನ್ನು ಇದ್ದಂತೆಯೇ ತೋರಿಸುವ ಕಾರ್ಡ್ ಸಾಕು. ಎಲ್‌ಎಸ್‌ಐ 9211-8ಐ ಕಾರ್ಡಿಗೆ ಐಟಿ ಮೋಡ್ ಫರ್ಮ್‌ವೇರ್ ಹಾಕುವ ರೂಢಿ ಬಂದದ್ದು ಹೀಗೆ.

ಎಲ್ಲ ಜೋಡಿಸಿದ ಮೇಲೆ ನಿಜವಾದ ಡೇಟಾ ತುಂಬುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಯಾವ ಸ್ಲಾಟಿನಲ್ಲಿ ಯಾವ ಸೀರಿಯಲ್ ನಂಬರಿನ ಡಿಸ್ಕ್ ಇದೆ ಎಂದು ಬರೆದು ಸರ್ವರಿನ ಮೇಲೆ ಅಂಟಿಸಿ. ಗುಂಪನ್ನು ಸುಳ್ಳು ಫೈಲುಗಳಿಂದ ತುಂಬಿ, ಅವುಗಳ ಚೆಕ್‌ಸಮ್ ಬೇರೆಡೆ ಇಟ್ಟುಕೊಂಡು, ಓಡುತ್ತಿರುವಾಗಲೇ ಒಂದು ಡಿಸ್ಕನ್ನು ಎಳೆಯಿರಿ. ಬಜರ್ ಕೂಗಿತೆ, ನಿಮಗೆ ಮೇಲ್ ಬಂತೆ, ಚೀಟಿಯಲ್ಲಿರುವ ಸ್ಲಾಟಿನ ದೀಪವೇ ಬಣ್ಣ ಬದಲಿಸಿತೆ ನೋಡಿ. ಬದಲಿ ಡಿಸ್ಕ್ ಹಾಕಿ ರೀಬಿಲ್ಡ್ ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿ, ಆಮೇಲೆ ಚೆಕ್‌ಸಮ್ ಹೋಲಿಸಿ. ಅರ್ಧ ದಿನದಲ್ಲಿ ಮುಗಿಯಬೇಕಾದ ರೀಬಿಲ್ಡ್ ನಾಲ್ಕು ದಿನ ಎಳೆದರೆ ಎಸ್‌ಎಂಆರ್ ಡಿಸ್ಕ್ ಸೇರಿಕೊಂಡಿರುವ ಗುಮಾನಿ ಬರಬೇಕು; ನಡುವೆ ಇನ್ನೊಂದು ಡಿಸ್ಕ್ ಕಳಚಿಕೊಂಡರೆ ಗಡುವನ್ನು ಪರೀಕ್ಷಿಸಬೇಕು. ಅಂಗಡಿಯವರು ಡಿಸ್ಕ್ ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿಯುವ ಮೊದಲೇ ಇದಾಗಬೇಕು.